ಹುಬ್ಬಳ್ಳಿಯಲ್ಲಿ ಕೊಂಡ ಬಾಕ್ಸಿಂಗ್ ಗ್ಲೌಸ್ ಮತ್ತು ಬೇಸ್‌ಬಾಲ್ ಗ್ಲೌಸ್: ನಾಲ್ಕು ತಿಂಗಳ ಬಳಕೆಯ ನಂತರ

ಜಿಮ್ ಕಾರ್ಬೆಟ್ ಎಂದೊಡನೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗುವವನು ನರಭಕ್ಷಕ ಹುಲಿಗಳ ಬೆನ್ನು ಹತ್ತಿದ ಬೇಟೆಗಾರ. ನಮ್ಮ ಮನೆಯಲ್ಲಿ ಕಳೆದ ಬೇಸಿಗೆಯಿಂದ ಮಾತಿಗೆ ಬರುತ್ತಿರುವವನು ಅದೇ ಹೆಸರಿನ ಇನ್ನೊಬ್ಬ. 1866ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿ, ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು, 1892ರ ಸೆಪ್ಟೆಂಬರ್ 7ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಜಾನ್ ಎಲ್. ಸಲ್ಲಿವನ್‌ನನ್ನು 21ನೇ ಸುತ್ತಿನಲ್ಲಿ ಕೆಡವಿ ಹೆವಿವೇಟ್ ಚಾಂಪಿಯನ್ ಆದ ಬಾಕ್ಸರ್ ಇವನು. ಅಮೆರಿಕದ ಕೆಳಹಂತದ ಲೀಗುಗಳಲ್ಲಿ ಇವನು ಬೇಸ್‌ಬಾಲನ್ನೂ ಆಡಿದ್ದನೆಂದು ತಿಳಿದ ಮೇಲೆ, ಪಿಯುಸಿ ಓದುವ ಮಗಳು ಬಾಕ್ಸಿಂಗ್ ಗ್ಲೌಸ್ ಬೇಕೆಂದಳು, ಅವಳ ತಮ್ಮ ಬೇಸ್‌ಬಾಲ್ ಗ್ಲೌಸ್ ಬೇಕೆಂದು ಹಟ ಹಿಡಿದ. ಧಾರವಾಡದಲ್ಲಿ ನಾವು ಹುಡುಕಿದ ಕಡೆ ಎರಡೂ ಸಿಗಲಿಲ್ಲ. ಹುಬ್ಬಳ್ಳಿಯ ಕೊಪ್ಪೀಕರ ರಸ್ತೆಯ ಕಡೆಗಿರುವ ಒಂದು ಕ್ರೀಡಾ ಸಾಮಗ್ರಿ ಅಂಗಡಿಯಲ್ಲಿ ಸಿಕ್ಕವು.

ಬಾಕ್ಸಿಂಗ್ ಗ್ಲೌಸ್‌ಗೆ 1,850 ರೂಪಾಯಿ ಕೊಟ್ಟೆವು. ಅಳತೆ 12 ಔನ್ಸ್, ಅಂದರೆ ಒಂದೊಂದು ಕೈಗೂ ಸುಮಾರು 340 ಗ್ರಾಂ. ಮನೆಯ ಹತ್ತಿರದ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡಿದಾಗ ಎರಡರ ನಡುವೆ ನಾಲ್ಕೈದು ಗ್ರಾಂ ವ್ಯತ್ಯಾಸ ಮಾತ್ರ ಕಂಡಿತು. ಸಲ್ಲಿವನ್ ಮತ್ತು ಕಾರ್ಬೆಟ್ ತೊಟ್ಟದ್ದು 5 ಔನ್ಸಿನ ಗ್ಲೌಸ್, ಇದರ ಅರ್ಧಕ್ಕಿಂತಲೂ ಹಗುರ. ಅಷ್ಟು ತೆಳುವಾದುದರಲ್ಲಿ 21 ಸುತ್ತು ಗುದ್ದಾಡಿದವರ ಬೆರಳುಗಳ ಗತಿ ಏನಾಗಿರಬೇಕೆಂದು ಮಗಳು ಈಗಲೂ ಕೇಳುತ್ತಾಳೆ. ಕೊಳ್ಳುವವರು ಮೊದಲು ನೋಡಬೇಕಾದದ್ದು ಹೊಲಿಗೆಯನ್ನು. 1889ರಲ್ಲಿ ದೋಣಿಯ ಮೇಲೆ ನಡೆದ ಪಂದ್ಯದಲ್ಲಿ ಎದುರಾಳಿ ಜೋ ಚೊಯಿನ್ಸ್ಕಿ ತೊಟ್ಟ ಸಾಮಾನ್ಯ ಚರ್ಮದ ಗ್ಲೌಸಿನ ಉಬ್ಬಿದ ಹೊಲಿಗೆಗಳು ಕಾರ್ಬೆಟ್‌ನ ಮುಖವನ್ನು ಗೀರಿ ಹಾಕಿದ್ದವು; 27ನೇ ಸುತ್ತಿನಲ್ಲಿ ಗೆದ್ದವನು ಕಾರ್ಬೆಟ್ ಎಂಬುದು ಬೇರೆ ಮಾತು. ನಮ್ಮ ಗ್ಲೌಸಿನಲ್ಲಿ ಗೆಣ್ಣಿನ ಭಾಗಕ್ಕೆ ಹೊಲಿಗೆ ಬಂದಿಲ್ಲ, ಹೆಬ್ಬೆರಳನ್ನು ಅಂಗೈ ಭಾಗಕ್ಕೆ ಜೋಡಿಸಿದ್ದಾರೆ, ಮಣಿಕಟ್ಟಿನ ವೆಲ್ಕ್ರೋ ಇಂದಿಗೂ ಗಟ್ಟಿಯಾಗಿ ಹಿಡಿಯುತ್ತದೆ. ಮೊದಲ ವಾರ ಕಲ್ಲಿನಂತಿದ್ದ ಫೋಮ್ ಈಗ ಹದವಾಗಿದೆ. ಅಂಗಡಿಯವರು "ಎಂಟು ದಿನ ಗಟ್ಟಿ ಅನಸ್ತದ ಸರ, ಆಮ್ಯಾಲ ತಾನ ಮೆತ್ತಗಾಗ್ತದ" ಎಂದದ್ದು ನಿಜವೇ ಆಯಿತು. ದೋಷವೆಂದರೆ ಒಳಗಿನ ಬಟ್ಟೆ. ಧಾರವಾಡದ ಮಳೆಗಾಲದಲ್ಲಿ ಅದು ಎರಡು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹಿಡಿಯುತ್ತದೆ. ಒಳಗೆ ಹತ್ತಿಯ ಪಟ್ಟಿ ಸುತ್ತಿಕೊಳ್ಳದೆ ಇದನ್ನು ತೊಡಬಾರದು.

ಬೇಸ್‌ಬಾಲ್ ಗ್ಲೌಸಿನ ಅನುಭವ ಇಷ್ಟು ಚೆನ್ನಾಗಿರಲಿಲ್ಲ. ಬಲಗೈಯಿಂದ ಎಸೆಯುವವನು ಎಡಗೈಗೆ ಗ್ಲೌಸ್ ತೊಡಬೇಕು. ಹುಡುಗ ಬಲಗೈಯವನು ಎಂದು ಹೇಳಿದ್ದಕ್ಕೆ ಅಂಗಡಿಯವರು ಬಲಗೈಗೆ ತೊಡುವುದನ್ನೇ ಕಟ್ಟಿಕೊಟ್ಟರು, ನಾವೂ ನೋಡದೆ ತಂದೆವು. ಮರುವಾರ ಹೋದಾಗ ಬಿಲ್ಲಿದ್ದರೂ ವಾದಿಸಿಯೇ ಬದಲಾಯಿಸಿಕೊಳ್ಳಬೇಕಾಯಿತು. ಕಾರ್ಬೆಟ್ ಆಡುತ್ತಿದ್ದದ್ದು ಮೊದಲ ಬೇಸಿನಲ್ಲಿ; ಇಂದು ಆ ಸ್ಥಾನದವರು ತೊಡುವುದು ಬೆರಳುಗಳು ಬಿಡಿಬಿಡಿಯಾಗಿಲ್ಲದ ಅಗಲವಾದ ಗ್ಲೌಸ್. ಅಂಥದ್ದು ಇದೆಯೇ ಎಂದು ಕೇಳಿದರೆ ಹೊರಗೆ ಬಂದದ್ದು ಶಾಲೆಗಳಿಗೆ ಹೋಗುವ ಸಾಫ್ಟ್‌ಬಾಲ್ ಗ್ಲೌಸ್ ಒಂದೇ. ಬೆಲೆ 1,400. ಚರ್ಮ ಬಿರುಸಾಗಿದ್ದು, ಚೆಂಡು ಕೂರುವ ಗುಳಿ ಇನ್ನೂ ಮೂಡಿಲ್ಲ. ಮಗ ಕೊಬ್ಬರಿ ಎಣ್ಣೆ ಸವರಿ ಅದನ್ನು ಜಿಡ್ಡು ಮಾಡಿಟ್ಟಿದ್ದಾನೆ. ಅದು ಅಂಗಡಿಯ ತಪ್ಪಲ್ಲ.

ಕಾರ್ಬೆಟ್‌ನನ್ನು ಲೀಗಿನವರು ಆಡಲು ಕರೆಯುತ್ತಿದ್ದುದು ಮುಖ್ಯವಾಗಿ ಚಾಂಪಿಯನ್ನನ್ನು ನೋಡಲು ಜನ ಸೇರುತ್ತಾರೆಂದು. ಮನೆತನದಲ್ಲಿ ನಿಜವಾದ ಬೇಸ್‌ಬಾಲ್ ಆಟಗಾರ ಅವನ ತಮ್ಮ ಜೋ. ಬಾಕ್ಸರ್ ಬಾಬ್ ಫಿಟ್ಜ್‌ಸಿಮನ್ಸ್‌ನಿಗೆ ಅಣ್ಣ ಪಟ್ಟ ಕಳೆದುಕೊಂಡ 1897ರಲ್ಲೇ ತಮ್ಮ ಬಾಲ್ಟಿಮೋರ್ ಓರಿಯೋಲ್ಸ್ ತಂಡಕ್ಕೆ ಪಿಚರ್ (ಬ್ಯಾಟುಗಾರನಿಗೆ ಚೆಂಡೆಸೆಯುವವನು) ಆಗಿ 24 ಪಂದ್ಯ ಗೆದ್ದುಕೊಟ್ಟ. ಇದನ್ನು ಹೇಳಿದ ದಿನದಿಂದ ಮಗ ಅಕ್ಕನ ಮುಂದೆ ಬೀಗುತ್ತಿದ್ದಾನೆ.

ಈ ಅಂಗಡಿಯಲ್ಲಿ ಬಾಕ್ಸಿಂಗ್ ಗ್ಲೌಸನ್ನು ಮತ್ತೊಮ್ಮೆ ಕೊಳ್ಳುತ್ತೇನೆ. ಬೇಸ್‌ಬಾಲಿನದಕ್ಕೆ ಹೋಗುವವರು ಮಗುವನ್ನು ಜೊತೆಗೆ ಕರೆದೊಯ್ದು, ಅಲ್ಲೇ ಕೈಗೆ ತೊಡಿಸಿ, ಒಂದು ಚೆಂಡು ಹಿಡಿಸಿ ನೋಡಿದ ಮೇಲೆಯೇ ಹಣ ಕೊಡಬೇಕು.