ಕಾರ್ನ್ ಸ್ನೇಕ್, ಬಾಲ್ ಪೈಥಾನ್ ಹೊರಬರದ ಗೂಡು ಯಾವುದು? ಟ್ಯಾಂಕ್, ಟಬ್, ಗಾಜಿನ ಬಾಗಿಲಿನ ಪೆಟ್ಟಿಗೆಗಳ ಹೋಲಿಕೆ

ಕಾರ್ನ್ ಸ್ನೇಕ್, ಬಾಲ್ ಪೈಥಾನ್ ಮನೆಯಲ್ಲಿ ಸಾಕುವ ವಿದೇಶಿ ಹಾವುಗಳು. ಮೊಟ್ಟೆಯಿಂದ ಹೊರಬಂದ ಕಾರ್ನ್ ಸ್ನೇಕ್ ಮರಿ ಪೆನ್ಸಿಲ್‌ನಷ್ಟೂ ದಪ್ಪ ಇರುವುದಿಲ್ಲ. ತೂಕ ಆರೇಳು ಗ್ರಾಂ ಅಷ್ಟೇ. ಹಾವಿಗೆ ಎದೆಮೂಳೆ ಇಲ್ಲ, ಪಕ್ಕೆಲುಬುಗಳ ತುದಿ ಬಿಡಿಯಾಗಿರುವುದರಿಂದ ಮೈಯನ್ನು ಚಪ್ಪಟೆ ಮಾಡಿಕೊಳ್ಳಬಲ್ಲದು. ಆದರೆ ಮಿದುಳನ್ನು ಕಾಯುವ ಬುರುಡೆ ಹಾಗೆ ಕುಗ್ಗುವುದಿಲ್ಲ. ಆದ್ದರಿಂದ ತಲೆ ತೂರಿದ ಸಂದಿನಲ್ಲಿ ಮೈಯೂ ತೂರುತ್ತದೆ ಎಂದುಕೊಂಡೇ ಗೂಡು ಆರಿಸಬೇಕು. ಮರಿಯ ಗೂಡಿನಲ್ಲಿ ಎಲ್ಲೂ 3 ಮಿ.ಮೀ. ಮೀರಿದ ಸಂದು ಇರಕೂಡದು. ಬೆಳೆದ ಬಾಲ್ ಪೈಥಾನ್‌ನ ಲೆಕ್ಕ ಬೇರೆ. ಹೆಣ್ಣು ಒಂದೂವರೆ ಕೆಜಿ ದಾಟಿ ಬೆಳೆಯುತ್ತದೆ, ಮೈಯೆಲ್ಲ ಸ್ನಾಯು. ಅದು ಸಂದು ಹುಡುಕುವುದಕ್ಕಿಂತ ಹೆಚ್ಚಾಗಿ ಮುಚ್ಚಳವನ್ನು ತಳ್ಳಿ ಸಂದು ಮಾಡಿಕೊಳ್ಳುತ್ತದೆ. ಒಂದಕ್ಕೆ ಭದ್ರವಾದ ಗೂಡು ಇನ್ನೊಂದಕ್ಕೆ ಭದ್ರವಾಗದಿರುವುದು ಇದರಿಂದಲೇ.

ಈ ಎರಡು ಜಾತಿಗಳಿಗೆ ನಾಲ್ಕು ಬಗೆಯ ಗೂಡುಗಳನ್ನು ಬಳಸಿ ನೋಡಿ ನಾವು ಬಂದ ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ. ಮರಿಗೆ ಎರಡೂ ಬದಿ ಕ್ಲಿಪ್ ಇರುವ ಪ್ಲಾಸ್ಟಿಕ್ ಟಬ್, ಬೆಳೆದ ಹಾವಿಗೆ ಮುಂದೆ ಸರಿಯುವ ಗಾಜಿರುವ ಪೆಟ್ಟಿಗೆ ಮತ್ತು ಶೋಕೇಸ್ ಲಾಕ್. ಅಂಗಡಿಯವರು ಮೊದಲು ತೋರಿಸುವ, ಮೇಲೆ ಜಾಲರಿ ಮುಚ್ಚಳವಿರುವ ಗಾಜಿನ ಟ್ಯಾಂಕ್‌ಗೆ ಕೊನೆಯ ಸ್ಥಾನ.

ಅಮೆರಿಕದ ಸಾಕುಪ್ರಾಣಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಹಾವುಗಳು ಇವು. ಬೆಂಗಳೂರಿನಲ್ಲೂ ಸಾಕುವವರಿದ್ದಾರೆ. ನಮ್ಮ ಕೇರೆ, ನಾಗರ, ಹೆಬ್ಬಾವು, ಮಣ್ಣುಮುಕ್ಕ ಹಾವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬಾಲ್ ಪೈಥಾನ್ ಸೈಟಿಸ್ (ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಒಪ್ಪಂದ) ಪಟ್ಟಿಯಲ್ಲಿರುವ ಪ್ರಾಣಿಯಾದ್ದರಿಂದ 2024ರ ನಿಯಮಗಳಂತೆ ಅದನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಗೂಡಿನ ಭದ್ರತೆ ಹಾವಿನ ಜೀವದ ಪ್ರಶ್ನೆಯೂ ಹೌದು. ಮೆಟ್ಟಿಲ ಮೇಲೆ ಕಂಡ ಕಿತ್ತಳೆ ಬಣ್ಣದ ಕಾರ್ನ್ ಸ್ನೇಕ್‌ಗೆ ವಿಷವಿಲ್ಲ ಎಂದು ಪಕ್ಕದ ಮನೆಯವರಿಗೆ ಗೊತ್ತಿರುವುದಿಲ್ಲ, ಕೈಗೆ ಮೊದಲು ಸಿಗುವುದು ಕೋಲು. ಬದುಕಿ ಉಳಿದು ಕಾಡು ಸೇರಿದರೆ ಅದು ಇನ್ನೊಂದು ಅನಾಹುತ. ಸ್ಪೇನಿನ ಗ್ರಾನ್ ಕನೇರಿಯಾ ದ್ವೀಪದಲ್ಲಿ ಸಾಕುಪ್ರಾಣಿಯಾಗಿ ಬಂದು ಹೊರಬಿದ್ದ ಕ್ಯಾಲಿಫೋರ್ನಿಯಾ ಕಿಂಗ್ ಸ್ನೇಕ್‌ಗಳು ಅಲ್ಲಿನ ಹಲ್ಲಿಗಳನ್ನು ತಿಂದು ಮುಗಿಸುತ್ತಿವೆ.

ಜಾಲರಿ ಮುಚ್ಚಳದ ಟ್ಯಾಂಕ್

ಮೀನಿಗೆಂದು ಮಾಡಿದ ತೊಟ್ಟಿಯ ಮೇಲೆ ಅಲ್ಯೂಮಿನಿಯಂ ಜಾಲರಿಯ ಚೌಕಟ್ಟು ಇಟ್ಟರೆ ಇದು ಸಿದ್ಧ. ಅಮೆರಿಕದಲ್ಲಿ 20 ಗ್ಯಾಲನ್ ಲಾಂಗ್ (30×12×12 ಇಂಚು) ಮತ್ತು 40 ಗ್ಯಾಲನ್ ಬ್ರೀಡರ್ (ಸುಮಾರು 36×18×16 ಇಂಚು) ಅಳತೆಗಳು ಸಾಮಾನ್ಯ. ಇದರ ದೌರ್ಬಲ್ಯ ಚೌಕಟ್ಟಿನಲ್ಲಿದೆ. ತೆಳು ಲೋಹದ ಪಟ್ಟಿಗಳನ್ನು ನಾಲ್ಕು ಪ್ಲಾಸ್ಟಿಕ್ ಮೂಲೆಗಳಿಂದ ಜೋಡಿಸಿರುತ್ತಾರೆ. ಹಾವು ಕೊಂಬೆಯ ಮೇಲೋ ನೀರಿನ ಬಟ್ಟಲಿನ ಮೇಲೋ ಮೈ ಊರಿ, ಮೂಲೆಗೆ ತಲೆ ಕೊಟ್ಟು ಮೇಲಕ್ಕೆ ಒತ್ತುತ್ತದೆ. ಮೂಲೆ ಗಟ್ಟಿಯಿದ್ದರೆ ಅಂಚಿನುದ್ದಕ್ಕೂ ಮೂತಿ ಆಡಿಸುತ್ತಾ ಸಾಗಿ, ಎರಡು ಕ್ಲಿಪ್‌ಗಳ ನಡುವೆ ಪಟ್ಟಿ ಬಿಲ್ಲಿನಂತೆ ಬಾಗುವ ಜಾಗ ಹುಡುಕಿಕೊಳ್ಳುತ್ತದೆ. ಕ್ಲಿಪ್ ಬಿಟ್ಟುಕೊಳ್ಳದಿದ್ದರೂ ಅಂಚಿನ ಮೇಲೆ ಜಾರಿ ಪಕ್ಕಕ್ಕೆ ಸರಿಯುವುದುಂಟು.

ಇದನ್ನೇ ಬಳಸಲೇಬೇಕಾದರೆ 36 ಇಂಚಿನ ಟ್ಯಾಂಕ್‌ಗೆ ಎಂಟು ಕ್ಲಿಪ್ ಹಾಕಿ: ಉದ್ದದ ಬದಿಗೆ ಮೂರು ಮೂರು, ಅಗಲದ ಬದಿಗೆ ಒಂದೊಂದು. ಜೊತೆಗೆ ಟ್ಯಾಂಕ್ ಸುತ್ತ ಬಕಲ್ ಇರುವ ಎರಡು ಪಟ್ಟಿ ಬಿಗಿದರೆ ನಡುವಿನ ಬಾಗು ನಿಲ್ಲುತ್ತದೆ. ಆದರೆ ಪಟ್ಟಿ ಬಿಸಿದೀಪದ ಹತ್ತಿರ ಹಾಯಬಾರದು. ಮುಚ್ಚಳದ ಮೇಲೆ ದಪ್ಪ ಪುಸ್ತಕ ಹೇರುವ ರೂಢಿ ಬಿಡಿ. ಗಾಳಿ ನಿಲ್ಲುತ್ತದೆ, ದೀಪದ ಪಕ್ಕ ಕಾಗದ ಇಟ್ಟಂತೆ ಆಗುತ್ತದೆ, ಮೂಲೆ ಎತ್ತಿದಾಗ ಪುಸ್ತಕವೇ ಜಾರುತ್ತದೆ. ಕಿಟಕಿಯ ಫೈಬರ್ ಸೊಳ್ಳೆ ಪರದೆಯನ್ನು ಜಾಲರಿಯ ಬದಲು ಬಳಸಬಾರದು, ಅದು ಅಂಚಿನಲ್ಲಿ ಹರಿಯುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಹಾಕಿದರೂ ಇನ್ನೊಂದು ತೊಂದರೆ ಉಳಿಯುತ್ತದೆ. ರಾತ್ರಿಯಿಡೀ ಜಾಲರಿಗೆ ಮೂತಿ ಉಜ್ಜುವ ಹಾವಿನ ಮೂತಿಯ ಹುರುಪೆ ಕಿತ್ತು ಹುಣ್ಣಾಗುತ್ತದೆ.

ಮುಚ್ಚಳ ಗಾಡಿಯಲ್ಲಿ (ಅಂಚಿನ ತೋಡಿನಲ್ಲಿ) ಸರಿದು ಪಿನ್ ಬೀಳುವ ಮಾದರಿ ಇದಕ್ಕಿಂತ ಎಷ್ಟೋ ಮೇಲು, ಯಾಕೆಂದರೆ ಮೂರು ಬದಿ ಚೌಕಟ್ಟು ಗಾಡಿಯೊಳಗೇ ಕೂತಿರುತ್ತದೆ. ಪಿನ್ ಇರುವ ಬದಿಯಲ್ಲಿ ಬೆರಳಿಟ್ಟು ಒತ್ತಿ ನೋಡಿ ಕೊಳ್ಳಿ.

ಕ್ಲಿಪ್ ಇರುವ ಪ್ಲಾಸ್ಟಿಕ್ ಟಬ್

ನೋಡಲು ಅಂದವಿಲ್ಲ, ಆದರೆ ಮರಿಗೆ ಇದಕ್ಕಿಂತ ನಂಬಿಕೆಯದು ನಾವು ಕಂಡಿಲ್ಲ. ಕಾರ್ನ್ ಮರಿಗೆ ಆರು ಕ್ವಾರ್ಟ್, ಅಂದರೆ ಚಪ್ಪಲಿ ಡಬ್ಬದಷ್ಟು ದೊಡ್ಡ ಟಬ್ ಮೊದಲ ತಿಂಗಳುಗಳಿಗೆ ಸಾಕು. ಒತ್ತಿ ಕೂರಿಸುವ ಬರಿಯ ಮುಚ್ಚಳ ನಂಬಬೇಡಿ, ಉದ್ದದ ಎರಡೂ ಬದಿಯಲ್ಲಿ ಕ್ಲಿಪ್ ಇರಲೇಬೇಕು.

ಗಾಳಿಯ ತೂತುಗಳನ್ನು ಡ್ರಿಲ್‌ನಿಂದ ಕೊರೆದರೆ ಗಟ್ಟಿ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ, ಆ ಬಿರುಕು ಮುಂದೆ ಸಂದಾಗುತ್ತದೆ. ಸೋಲ್ಡರಿಂಗ್ ಕಬ್ಬಿಣದ ತುದಿಯಿಂದ, ಬಯಲಿನಲ್ಲಿ ಕೂತು, ಒಳಗಿನಿಂದ ಹೊರಕ್ಕೆ ಚುಚ್ಚಿ. ಕರಗಿದ ಒರಟು ಅಂಚು ಹೊರಗೆ ಉಳಿಯುತ್ತದೆ, ಹಾವಿನ ಮೈಗೆ ತಾಗುವ ಬದಿ ನಯವಾಗಿರುತ್ತದೆ. ಒಂದೊಂದು ತೂತು 3 ಮಿ.ಮೀ. ಒಳಗಿರಲಿ. ದೊಡ್ಡ ತೂತು ಕೆಲವು ಮಾಡುವುದಕ್ಕಿಂತ ಚಿಕ್ಕವನ್ನು ಎರಡು ಸಾಲು ಮಾಡುವುದೇ ಕ್ಷೇಮ.

ಟಬ್ ಕೈಕೊಡುವುದು ಮೂರು ಕಡೆ. ಒಂದು, ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್ ಇಲ್ಲದ ಹೀಟ್ ಮ್ಯಾಟ್ (ಗೂಡಿನಡಿ ಇಡುವ ವಿದ್ಯುತ್ ಬಿಸಿಹಾಸು). ತಳ ಬಿಸಿಯೇರಿ ಸೊಟ್ಟಗಾದರೆ ಟಬ್ ತಿರುಚಿಕೊಂಡು ಮುಚ್ಚಳದ ಒಂದು ಮೂಲೆ ಏಳುತ್ತದೆ. ಎರಡು, ಥರ್ಮೋಸ್ಟಾಟ್‌ನ ತಂತಿಯನ್ನು ಮುಚ್ಚಳದ ಅಂಚಿನಡಿ ಹಾಯಿಸುವುದು. ತಂತಿಯ ದಪ್ಪದಷ್ಟು ಮುಚ್ಚಳ ಎತ್ತಿಕೊಂಡಿರುತ್ತದೆ, ಕ್ಲಿಪ್ ಮಾತ್ರ ಹಾಕಿದಂತೆಯೇ ಕಾಣುತ್ತದೆ. ತಂತಿಗೆ ಗೋಡೆಯಲ್ಲೇ ಬೇರೆ ತೂತು ಮಾಡಿ. ಮೂರು, ಟಬ್‌ನ ಉದ್ದ. ಎರಡೂವರೆ ಅಡಿ ದಾಟಿದ ಟಬ್‌ನಲ್ಲಿ ಎರಡು ಕ್ಲಿಪ್‌ಗಳ ನಡುವಿನ ಮುಚ್ಚಳವನ್ನು ಬೆಳೆದ ಬಾಲ್ ಪೈಥಾನ್ ಉಬ್ಬಿಸಬಲ್ಲದು. ಆ ಅಳತೆಗೆ ರಬ್ಬರ್ ಅಂಚು, ಆರು ಕ್ಲಿಪ್ ಇರುವ ಡಬ್ಬವನ್ನೇ ಆರಿಸಿ. ಗಾಜಿನಂತೆ ಹೊಳೆಯುವ ಪೆಡಸು ಪ್ಲಾಸ್ಟಿಕ್‌ನ ಕ್ಲಿಪ್ ಬೇಗ ಮುರಿಯುತ್ತದೆ, ಸ್ವಲ್ಪ ಮಬ್ಬಾಗಿ ಬಾಗುವ ಪಾಲಿಪ್ರೊಪಿಲೀನ್ ಬಾಳಿಕೆ ಬರುತ್ತದೆ.

ಮುಚ್ಚಳವೇ ಇಲ್ಲದೆ, ಮೇಲಿನ ಹಲಗೆಯೇ ಮುಚ್ಚಳವಾಗಿ ಟಬ್‌ಗಳು ಡ್ರಾಯರ್‌ನಂತೆ ಸರಿಯುವ ರ್‍ಯಾಕ್ ಹಲವು ಹಾವು ಸಾಕುವವರಿಗೆ. ಹಲಗೆಯ ನಡುಭಾಗ ಜಗ್ಗಿದೆಯೇ ಎಂದು ಉಕ್ಕಿನ ಸ್ಕೇಲ್ ಇಟ್ಟು ನೋಡಬೇಕು, ಟಬ್ ತಾನಾಗಿ ಮುಂದೆ ಬರದಂತೆ ಅಡ್ಡಪಟ್ಟಿ ಇರಬೇಕು. ಒಂದೇ ಹಾವಿಗೆ ಇದರ ಅಗತ್ಯವಿಲ್ಲ.

ಕೀಲು ಬಾಗಿಲಿನ ಗಾಜಿನ ಗೂಡು

ಮುಂದೆ ಎರಡು ಗಾಜಿನ ಬಾಗಿಲು, ನಡುವೆ ತಿರುಗಿಸುವ ಚಿಲಕ, ಮೇಲೆ ಜಾಲರಿ. ಮೇಲಿನಿಂದ ಕೈ ಬಂದರೆ ಹಾವು ಹದ್ದು ಬಂತೆಂದು ಬೆದರುತ್ತದೆ, ಮುಂದಿನಿಂದ ಬಂದರೆ ಅಷ್ಟಿಲ್ಲ. ಆ ಮಟ್ಟಿಗೆ ಇದು ಒಳ್ಳೆಯದು. ಆದರೆ ಕಾರ್ನ್ ಮರಿಗೆ ಬೇಡ. ಎರಡು ಬಾಗಿಲು ಸೇರುವ ಕಡೆ ಸಂದು ಉಳಿದಿರುತ್ತದೆ, ಚಿಲಕ ಒಂದೇ ಕಡೆ ಹಿಡಿಯುವುದರಿಂದ ದೂರದ ತುದಿ ಒತ್ತಿದರೆ ಇನ್ನಷ್ಟು ತೆರೆಯುತ್ತದೆ. ಹಿಂಬದಿ ಮೂಲೆಯಲ್ಲಿ ತಂತಿಗೆಂದು ಬಿಟ್ಟ, ಸರಿಯುವ ಪ್ಲಾಸ್ಟಿಕ್ ಮುಚ್ಚಳದ ಕಿಂಡಿಗಳೇ ಮರಿಗಳ ಮೆಚ್ಚಿನ ದಾರಿ. ಒಳಗಿನಿಂದ ಮೂತಿಯಿಂದ ತಳ್ಳಿದರೆ ಅವು ಸರಿಯುತ್ತವೆ. ಕಾರ್ನ್ ಸ್ನೇಕ್ ನಿಮ್ಮ ಹೆಬ್ಬೆರಳಿನ ದಪ್ಪ ಬೆಳೆದ ಮೇಲೆ, ಆ ಕಿಂಡಿಗಳನ್ನು ಸ್ಟೀಲ್ ಜಾಲರಿ ಮತ್ತು ಅಕ್ವೇರಿಯಂ ಸಿಲಿಕೋನ್‌ನಿಂದ ಮುಚ್ಚಿ ಬಳಸಬಹುದು.

ಸರಿಯುವ ಗಾಜಿನ ಪೆಟ್ಟಿಗೆ

ಬೆಳೆದ ಹಾವಿಗೆ 4×2×2 ಅಡಿಯ ಪೆಟ್ಟಿಗೆ, ಐದು ಬದಿ ಗಟ್ಟಿ ಹಲಗೆ, ಮುಂದೆ ಎರಡು ಗಾಜು. ಎತ್ತಬಹುದಾದ ಮುಚ್ಚಳವೇ ಇಲ್ಲದ್ದರಿಂದ ಹಾವಿನ ದೊಡ್ಡ ಬಲ, ಮೇಲಕ್ಕೆ ಒತ್ತುವುದು, ಇಲ್ಲಿ ನಿಷ್ಪ್ರಯೋಜಕ. ಉಳಿಯುವ ದಾರಿ ಗಾಜುಗಳದ್ದು. ಮೈಯನ್ನು ಗಾಜಿಗೆ ಒತ್ತಿ ಜರುಗುವಾಗ ಗಾಜೂ ಜೊತೆಗೆ ಜರುಗುತ್ತದೆ, ಬೀಗವಿಲ್ಲದ ಗಾಜನ್ನು ಬಾಲ್ ಪೈಥಾನ್ ಹೀಗೇ ತೆರೆಯುತ್ತದೆ.

ಇದಕ್ಕೆ ಮದ್ದು ಶೋಕೇಸ್ ಲಾಕ್. ಚಿನ್ನದಂಗಡಿ, ಮೊಬೈಲ್ ಅಂಗಡಿಯ ಗಾಜಿನ ಕೌಂಟರ್‌ಗೆ ಹಾಕುವುದು ಇದೇ, ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಹಲ್ಲಿರುವ ಪಟ್ಟಿಯ ಕೊಕ್ಕೆಯನ್ನು ಒಳಗಾಜಿನ ಅಂಚಿಗೆ ಸಿಕ್ಕಿಸಿ, ಬೀಗವನ್ನು ಹೊರಗಾಜಿನ ಅಂಚಿಗೆ ತಾಗುವವರೆಗೆ ತಳ್ಳಬೇಕು. ಒಂದು ಹಲ್ಲು ಸಡಿಲ ಬಿಟ್ಟರೂ ಗಾಜು ಅಷ್ಟು ಸರಿದು, ಗೋಡೆಯ ಬದಿಯಲ್ಲಿ ಸಂದು ತೆರೆಯುತ್ತದೆ. ಬೀಗ ಹಾಕಿದ ಮೇಲೆ ಎರಡೂ ಗಾಜನ್ನು ಅಂಗೈಯಿಂದ ಎಡಕ್ಕೆ ಬಲಕ್ಕೆ ತಳ್ಳಿ ನೋಡಿ.

ಗಾಡಿಗೆ ಬೀಳುವ ಹಾಸು ಇನ್ನೊಂದು ಕಾಟ. ತೆಂಗಿನ ನಾರಿನ ಪುಡಿ, ಮರದ ಹೊಟ್ಟು ಕೆಳಗಿನ ಗಾಡಿಯಲ್ಲಿ ತುಂಬಿದರೆ ಗಾಜು ಕೊನೆಯವರೆಗೆ ಸರಿಯುವುದಿಲ್ಲ, ಮುಚ್ಚಿದಂತೆ ಕಂಡರೂ 5 ಮಿ.ಮೀ. ಉಳಿದಿರುತ್ತದೆ. ಒಳಗೆ ಎರಡು ಇಂಚು ಎತ್ತರದ ತಡೆಪಟ್ಟಿ ಇರಲಿ, ಪ್ರತಿ ಸಲ ಮುಚ್ಚುವ ಮುನ್ನ ಗಾಡಿಯನ್ನು ಒಣ ಪೇಂಟ್ ಬ್ರಷ್‌ನಿಂದ ಗುಡಿಸಿ. ಮೇಲಿನ ಗಾಡಿ ಆಳ, ಕೆಳಗಿನದು ಗಿಡ್ಡ: ಗಾಜನ್ನು ಮೇಲೆತ್ತಿ ಹೊರತೆಗೆಯಲು ಹಾಗೆ ಮಾಡಿರುತ್ತಾರೆ. ಗಾಜು ಕತ್ತರಿಸಿದವರು ಎತ್ತರ ಕಡಿಮೆ ಮಾಡಿದ್ದರೆ ಸ್ವಲ್ಪ ಎತ್ತಿದರೂ ಕೆಳಗಿನ ಅಂಚು ಗಾಡಿಯಿಂದ ಜಾರುತ್ತದೆ. ಆಗ ಮೇಲಿನ ಗಾಡಿಯೊಳಗೆ ಪ್ಲಾಸ್ಟಿಕ್ ಪಟ್ಟಿ ತುರುಕಿ ಆ ಜಾಗ ತುಂಬಿಸಿ.

ಎರಡು ಗಾಜು ಒಂದರ ಹಿಂದೊಂದು ನಿಲ್ಲುವ ಕಡೆ ಇರುವ ಸಂದಿನಲ್ಲಿ ಬಾಲ್ ಪೈಥಾನ್ ತೂರುವುದಿಲ್ಲ, ಕಾರ್ನ್ ಮರಿ ತೂರಬಹುದು. ಅಲ್ಯೂಮಿನಿಯಂ ಕಿಟಕಿಗಳಿಗೆ ಹಾಕುವ ಬ್ರಷ್ ಪಟ್ಟಿಯಿಂದ ಸಂದು ಕಿರಿದಾಗುತ್ತದೆಯೇ ಹೊರತು ಹಟಹಿಡಿದ ಮರಿಯನ್ನು ಅದು ತಡೆಯುವುದಿಲ್ಲ. ಮರಿ ಬೆಳೆಯುವವರೆಗೆ ಟಬ್ ಎನ್ನುವುದು ಈ ಕಾರಣಕ್ಕೆ.

ಪೆಟ್ಟಿಗೆ ಪಿವಿಸಿಯದೋ ಮರದ್ದೋ? ಬಾಲ್ ಪೈಥಾನ್‌ಗಾದರೆ ಪಿವಿಸಿ. ಅದಕ್ಕೆ ಶೇ. 60ರಷ್ಟಾದರೂ ತೇವಾಂಶ ಬೇಕು, ಆ ತೇವಕ್ಕೆ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಉಬ್ಬುತ್ತದೆ. ತಳ ಉಬ್ಬಿದರೆ ಗಾಡಿ ಬಾಗಿ ಗಾಜು ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಒಣಗಾಳಿಯಲ್ಲೂ ಬದುಕುವ ಕಾರ್ನ್ ಸ್ನೇಕ್‌ಗೆ ಒಳಮೂಲೆಗಳಿಗೆಲ್ಲ ಸಿಲಿಕೋನ್ ಎಳೆದ ಪ್ಲೈವುಡ್ ಪೆಟ್ಟಿಗೆ ಸಾಕು. ಪಿವಿಸಿಯಲ್ಲಿ ನಾಲ್ಕು ಅಡಿ ಉದ್ದಕ್ಕೆ 6 ಮಿ.ಮೀ. ಹಲಗೆ ಜಗ್ಗುತ್ತದೆ, 10 ಅಥವಾ 12 ಮಿ.ಮೀ. ಕೇಳಿ.

ಯಾವ ಗೂಡಾದರೂ: ತಂತಿ, ಗಾಳಿಕಿಂಡಿ, ಅಂಟು

ತಂತಿಯ ತೂತನ್ನು ಪ್ಲಗ್ ತೂರಲೆಂದು ಕೊರೆದಿರುತ್ತಾರೆ, ಆದ್ದರಿಂದ ತಂತಿ ಹಾಯ್ದ ಮೇಲೂ ಎರಡು ಬೆರಳು ಹೋಗುವಷ್ಟು ಜಾಗ ಉಳಿಯುತ್ತದೆ. ಸೀಳಿರುವ ರಬ್ಬರ್ ಬಿರಡೆ ಹಾಕಿ, ಉಳಿದ ಜಾಗಕ್ಕೆ ಜಾಲರಿ ಮಡಿಸಿ ತುಂಬಿ ಸಿಲಿಕೋನ್ ಹಚ್ಚಿ. ಹುಳಿ ವಾಸನೆ ಪೂರ್ತಿ ಹೋಗುವವರೆಗೆ, ಕಡಿಮೆಯೆಂದರೆ ಎರಡು ಮೂರು ದಿನ, ಹಾವನ್ನು ಒಳಗೆ ಬಿಡಬೇಡಿ. ಗಾಳಿಕಿಂಡಿಯ ಮುಚ್ಚಳ ಅಂಟಿಸಿದ್ದರೆ ಸಾಲದು, ಸ್ಕ್ರೂ ಇರಬೇಕು. 2013ರ ಆಗಸ್ಟ್‌ನಲ್ಲಿ ಕೆನಡಾದ ಕ್ಯಾಂಪ್‌ಬೆಲ್ಟನ್‌ನಲ್ಲಿ ಆಫ್ರಿಕನ್ ರಾಕ್ ಪೈಥಾನ್ ಒಂದು ಗಾಳಿಕೊಳವೆ ಸೇರಿ ಹೊರಬಂದು, ಮಲಗಿದ್ದ ಇಬ್ಬರು ಬಾಲಕರು ಸತ್ತರು. ಅಷ್ಟು ದೊಡ್ಡ ಜಾತಿ ಮನೆಗೆ ತಕ್ಕದ್ದಲ್ಲ, ಆದರೆ ಕಿಂಡಿಯ ಪಾಠ ಎಲ್ಲ ಗೂಡಿಗೂ ಒಂದೇ.

ಗೂಡಿನೊಳಗೆ ಅಂಟುಪಟ್ಟಿ ಎಂದೂ ಬೇಡ. ಸಂದಿಗೆ ಹಚ್ಚಿದ ಟೇಪ್ ತೇವಕ್ಕೆ ಬಿಟ್ಟುಕೊಂಡು ಹಾವಿಗೆ ಸುತ್ತಿಕೊಳ್ಳುತ್ತದೆ, ಎಳೆದರೆ ಚರ್ಮ ಹರಿಯುತ್ತದೆ. ಹಾಗಾದರೆ ಎಳೆಯದೆ ಅಡುಗೆ ಎಣ್ಣೆ ಹಚ್ಚಿ, ಅಂಟು ಸಡಿಲವಾಗುತ್ತ ಬಂದಂತೆ ತಲೆಯಿಂದ ಬಾಲದ ಕಡೆಗೆ ಮೆಲ್ಲಗೆ ಬಿಡಿಸಿ.

ಹೊಸ ಗೂಡನ್ನು ಹಾವು ಬಿಡುವ ಮೊದಲು ರಾತ್ರಿ ಪರೀಕ್ಷಿಸಿ. ಕೋಣೆಯ ದೀಪ ಆರಿಸಿ, ಗೂಡಿನೊಳಗೆ ಉರಿಯುವ ಟಾರ್ಚ್ ಇಟ್ಟು ಸುತ್ತ ನೋಡಿದರೆ ಸಂದಿದ್ದ ಕಡೆಯೆಲ್ಲ ಬೆಳಕಿನ ಗೆರೆ ಕಾಣುತ್ತದೆ. ಪ್ಲಾಸ್ಟಿಕ್ ಟಬ್ ಬೆಳಕು ಬಿಡುವುದರಿಂದ ಅದಕ್ಕೆ 3 ಮಿ.ಮೀ. ಕಡ್ಡಿಯಿಂದ ಅಂಚೆಲ್ಲ ತಡಕಿ. ಮುಚ್ಚಳದ ಗೂಡಾದರೆ ಲಗೇಜ್ ತೂಗುವ ಕೈತಕ್ಕಡಿಯ ಕೊಕ್ಕೆ ಸಿಕ್ಕಿಸಿ ಮೇಲಕ್ಕೆಳೆಯಿರಿ. ಬೆಳೆದ ಬಾಲ್ ಪೈಥಾನ್‌ನ ಗೂಡಿಗೆ ಮೂರು ಕೆಜಿ ಎಳೆತಕ್ಕೂ ಮುಚ್ಚಳ ಮಿಸುಕದಿದ್ದರೆ ಮಾತ್ರ ನಾವು ಒಪ್ಪುತ್ತೇವೆ.

ಇಷ್ಟಾದರೂ ಹಾವು ರಾತ್ರಿಯಿಡೀ ಗಾಜಿಗೆ ಮೂತಿ ಉಜ್ಜುತ್ತಿದ್ದರೆ ಮೊದಲು ಥರ್ಮಾಮೀಟರ್ ನೋಡಿ. ಬಾಲ್ ಪೈಥಾನ್‌ಗೆ ಬಿಸಿ ಬದಿ 31ರಿಂದ 33 ಡಿಗ್ರಿ ಸೆಲ್ಸಿಯಸ್, ತಂಪು ಬದಿ 25ರಿಂದ 27. ಕಾರ್ನ್ ಸ್ನೇಕ್‌ಗೆ ಎರಡೂ ಒಂದೆರಡು ಡಿಗ್ರಿ ಕಡಿಮೆ. ಎರಡು ಬದಿಗೂ ಮೈ ತಾಗುವಷ್ಟು ಇಕ್ಕಟ್ಟಾದ ಒಂದೊಂದು ಅಡಗುತಾಣ ಇರಲಿ. ಹಿಂದಿನ ಊಟ ಯಾವಾಗ, ಹುರುಪೆಗಳ ನಡುವೆ ಕರಿಯ ಚುಕ್ಕೆಯಂಥ ಉಣ್ಣೆಹುಳು ಇದೆಯೇ, ಗಂಡಾದರೆ ಇದು ಬೆದೆಯ ಕಾಲವೇ ಎಂದೂ ನೋಡಿ.

ಹೊರಬಿದ್ದೇಬಿಟ್ಟರೆ ಆ ಕೋಣೆಯ ಬಾಗಿಲಡಿ ಟವೆಲ್ ತುರುಕಿ, ಬಚ್ಚಲಿನ ನೀರು ಹೋಗುವ ಜಾಲಿ ಮುಚ್ಚಿ. ಗೂಡಿಗೆ ಹತ್ತಿರದ ಬಿಸಿ ಜಾಗಗಳನ್ನು ಮೊದಲು ಹುಡುಕಿ: ಫ್ರಿಜ್‌ನ ಹಿಂಬದಿ, ವೈಫೈ ಪೆಟ್ಟಿಗೆ, ಪುಸ್ತಕದ ಕಪಾಟಿನ ಹಿಂದೆ. ಸಿಗದಿದ್ದರೆ ಗೋಡೆಯ ಅಂಚಿಗೆ ತೆಳುವಾಗಿ ಮೈದಾ ಉದುರಿಸಿಡಿ, ಯಾವ ಕಡೆ ಹೋಯಿತೆಂದು ಬೆಳಗ್ಗೆ ಗೆರೆ ಹೇಳುತ್ತದೆ. ಕೋಣೆಯ ಮೂಲೆಯಲ್ಲಿ ಥರ್ಮೋಸ್ಟಾಟ್‌ಗೆ ಜೋಡಿಸಿದ ಹೀಟ್ ಮ್ಯಾಟ್, ಅದರ ಮೇಲೆ ಅದರದ್ದೇ ಅಡಗುತಾಣ, ಪಕ್ಕದಲ್ಲಿ ನೀರು ಇಡಿ. ದೀಪ ಆರಿಸಿ ಎರಡು ಗಂಟೆ ಬಿಟ್ಟು ಟಾರ್ಚ್ ಹಿಡಿದು ಬನ್ನಿ, ಇವು ಸಂಜೆಯ ನಂತರ ಓಡಾಡುವ ಹಾವುಗಳು.