ಕೊಚ್ಚಿ ಬಿನಾಲೆಗೆ ಹೋಗುವವರು ವಾಟರ್ ಮೆಟ್ರೋ ಹತ್ತಿ

ಜನವರಿಯಲ್ಲಿ ಅಮ್ಮನ ಜೊತೆ ಬೆಂಗಳೂರಿಂದ ಕೊಚ್ಚಿಗೆ ಹೋಗಿದ್ದೆ, ಮುಜಿರಿಸ್ ಬಿನಾಲೆ ಅನ್ನೋ ದೊಡ್ಡ ಕಲಾ ಪ್ರದರ್ಶನ ನೋಡೋಕೆ. ಈ ಬಿನಾಲೆ ಆರನೆಯದು, 2026ರ ಮಾರ್ಚ್ 31ರವರೆಗೆ. ಅಲ್ಲಿನ ಕಲೆ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೀತಿರೋದು ನಮ್ಮನ್ನು ಅಲ್ಲಿ ಓಡಾಡಿಸಿದ ವಾಟರ್ ಮೆಟ್ರೋ, ಅಂದ್ರೆ ಅಲ್ಲಿನ ಬೋಟ್ ಸೇವೆ ಬಗ್ಗೆ.

ಮೊದಲ ದಿನ ಎರ್ನಾಕುಲಂನಿಂದ ಬಿನಾಲೆ ನಡೆಯುವ ಫೋರ್ಟ್ ಕೊಚ್ಚಿಗೆ ಆಟೋದಲ್ಲಿ ಹೋದೆವು. ಸೇತುವೆ, ಸುತ್ತು ರಸ್ತೆ, ಟ್ರಾಫಿಕ್, ಹೊಗೆ. ಸಿಲ್ಕ್ ಬೋರ್ಡ್‌ನಲ್ಲಿ ನಿಂತ ಹಾಗೇ ಇತ್ತು. ಇಳಿಯುವಾಗ ಆಟೋದವರು ಮೊದಲು ಹೇಳಿದ್ದಕ್ಕಿಂತ 100 ರೂಪಾಯಿ ಜಾಸ್ತಿ ಕೇಳಿದರು.

ಮಾರನೇ ಬೆಳಿಗ್ಗೆ ಎರ್ನಾಕುಲಂನ ಹೈಕೋರ್ಟ್ ವಾಟರ್ ಮೆಟ್ರೋ ಟರ್ಮಿನಲ್‌ಗೆ ಹೋದೆವು. ಫೋರ್ಟ್ ಕೊಚ್ಚಿಗೆ ಟಿಕೆಟ್ 40 ರೂಪಾಯಿ, ದಾರಿ 20 ನಿಮಿಷ. ಬ್ಯಾಟರಿ ಬೋಟು, ಕೊಚ್ಚಿನ್ ಶಿಪ್‌ಯಾರ್ಡ್ ಕಟ್ಟಿದ್ದು. ಡೀಸೆಲ್ ವಾಸನೆ ಇಲ್ಲ, ಡಬಡಬ ಸದ್ದಿಲ್ಲ. ಅಮ್ಮನಿಗೆ ಮಂಡಿ ನೋವು, ದೋಣಿ ಹತ್ತೋದು ಹೇಗೆ ಅಂತ ನನಗೆ ರಾತ್ರಿಯಿಂದಲೇ ಚಿಂತೆ ಇತ್ತು. ಆದರೆ ಇಲ್ಲಿ ಜೆಟ್ಟಿಯೇ ನೀರಿನ ಮೇಲೆ ತೇಲುತ್ತದೆ, ಉಬ್ಬರ ಇರಲಿ ಇಳಿತ ಇರಲಿ ಅದೂ ಬೋಟಿನ ಜೊತೆಗೇ ಏರಿ ಇಳಿಯುತ್ತದೆ, ಹಾಗಾಗಿ ಅಮ್ಮ ನನ್ನ ಕೈ ಹಿಡಿಯದೆ ನಡೆದುಕೊಂಡೇ ಒಳಗೆ ಹೋದರು. ನನಗೆ ಇದೊಂದೇ ಸಾಕಿತ್ತು.

ಎಡಗಡೆ ಕೂತುಕೊಳ್ಳಿ. ಅಲ್ಲಿ ಕಾಣೋದು ವಿಲ್ಲಿಂಗ್ಡನ್ ದ್ವೀಪ. 1920–30ರ ದಶಕದಲ್ಲಿ ರಾಬರ್ಟ್ ಬ್ರಿಸ್ಟೋ ಅನ್ನುವ ಎಂಜಿನಿಯರ್ ಬಂದರಿನ ಹೂಳೆತ್ತಿಸಿ, ಆ ಮಣ್ಣು ಸುರಿದೇ ಈ ದ್ವೀಪ ಮಾಡಿಸಿದರು. ನಾವು ಮೆಜೆಸ್ಟಿಕ್‌ನಲ್ಲಿ ಹತ್ತಿದ ಐಲ್ಯಾಂಡ್ ಎಕ್ಸ್‌ಪ್ರೆಸ್ ಇದೆಯಲ್ಲ, ಅದು ಹಿಂದೆ ಇದೇ ದ್ವೀಪದ ಹಾರ್ಬರ್ ಟರ್ಮಿನಸ್‌ವರೆಗೆ ಬರ್ತಿತ್ತು, ಆ ಹೆಸರು ಬಂದಿದ್ದು ಹಾಗೆ! "ಹೌದೇನೋ?" ಅಂತ ಅಮ್ಮ ಎರಡು ಸಲ ಕೇಳಿದರು. ಬಲಗಡೆ ವಲ್ಲಾರ್‌ಪಾಡಂ ಬಂದರಿನ ದೊಡ್ಡ ಕ್ರೇನ್‌ಗಳು, ಮುಂದೆ ಮೀನು ಹಿಡಿಯುವ ಚೀನಾ ಬಲೆಗಳು.

ಬಿನಾಲೆಗೂ ಈ ನೀರಿಗೂ ಸಂಬಂಧ ಇದೆ. ಅಲ್ಲಿ ಕಲಾಕೃತಿಗಳನ್ನು ಇಡೋದು ಜಾಸ್ತಿ ಹಳೆ ಗೋದಾಮುಗಳಲ್ಲೇ. ಮೆಣಸು, ತೆಂಗಿನ ನಾರು ತುಂಬಿಡುತ್ತಿದ್ದ ಜಾಗಗಳು. ಅವುಗಳಲ್ಲಿ ಒಂದಾದ ಆಸ್ಪಿನ್‌ವಾಲ್ ಹೌಸ್ 1867ರಲ್ಲಿ ಶುರುವಾದ ವ್ಯಾಪಾರ ಕಂಪನಿಯದು. ಹಿಂದಿನ ದಿನ ರಸ್ತೆಯಿಂದ ನೋಡಿದಾಗ ನನಗೆ ಅದು ಬರೀ ಉದ್ದದ ಗೋಡೆ. ಬೋಟಿನಿಂದ ನೋಡಿದ ಮೇಲೆ ಗೊತ್ತಾಯಿತು, ಈ ಕಟ್ಟಡಗಳು ಮುಖ ಮಾಡಿರೋದೇ ನೀರಿಗೆ, ನಾವು ಹಿಂದಿನ ದಿನ ಹಿತ್ತಿಲ ಬಾಗಿಲಿಂದ ಬಂದಿದ್ದೆವು.

ಬೋಟು ಎಸಿ, ಗಾಜು ಮುಚ್ಚಿರುತ್ತದೆ. ಮುಖಕ್ಕೆ ಗಾಳಿ ಬೇಕಂದ್ರೆ ಎರ್ನಾಕುಲಂ ಜೆಟ್ಟಿಯಿಂದ ಸರ್ಕಾರದ ಹಳೆ ಬೋಟಿದೆ, ಟಿಕೆಟ್ ಇನ್ನೂ ಕಡಿಮೆ. ಶನಿವಾರ ಭಾನುವಾರ ಬೆಳಿಗ್ಗೆ ಬೇಗ ಹೋಗಿ. ಮಟ್ಟಾಂಚೇರಿಗೂ ಈಗ ವಾಟರ್ ಮೆಟ್ರೋ ಇದೆ, ಅರಮನೆಯೂ 1568ರ ಯಹೂದಿ ಮಂದಿರವೂ ಅಲ್ಲೇ ಹತ್ತಿರ. ತಿಂಡಿ ಮಾತ್ರ ಎರ್ನಾಕುಲಂನಲ್ಲೇ ಮುಗಿಸಿ. ಫೋರ್ಟ್ ಕೊಚ್ಚಿಯ ಒಂದು ಕೆಫೆಯಲ್ಲಿ ಎರಡು ಕಾಫಿಗೆ ನಾವು ಕೊಟ್ಟ ದುಡ್ಡಲ್ಲಿ ಹತ್ತು ಸಲ ಬೋಟು ಹತ್ತಬಹುದಿತ್ತು.

ಸಂಜೆ ವಾಪಸ್ ಬರುವಾಗ ಅಮ್ಮ ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದರು. "ನಾಳೆ ಚಿತ್ರ ಗಿತ್ರ ಬೇಡ, ವೈಪಿನ್ ಬೋಟ್ ಹತ್ತೋಣ" ಅಂದರು. ವೈಪಿನ್ ಪಕ್ಕದ ಇನ್ನೊಂದು ದ್ವೀಪ, ವಾಟರ್ ಮೆಟ್ರೋದಲ್ಲಿ 2023ರ ಏಪ್ರಿಲ್‌ನಲ್ಲಿ ಎಲ್ಲಕ್ಕಿಂತ ಮೊದಲು ಶುರುವಾದ ದಾರಿ ಅದು. ಹೋದೆವು, ಇಳಿದು ಒಂದು ಟೀ ಕುಡಿದು, ಅದೇ ಬೋಟಿಗೆ ವಾಪಸ್ ಬಂದೆವು.