12 ವಾರಗಳ ಮೌಲ್ಯಶಿಕ್ಷಣ ಕೋರ್ಸ್: ಚರ್ಚೆ ಚೆನ್ನ, ಅಂಕಗಳು ಬೇಡವಾಗಿದ್ದವು

13 ವರ್ಷದ ಮಗಳನ್ನು ಈ ಆನ್‌ಲೈನ್ ಕೋರ್ಸಿಗೆ ಸೇರಿಸುವಾಗ, ನೀತಿಯನ್ನು ಬಾಯಿಪಾಠ ಮಾಡಿಸಿದರೆ ಅದು ನಾಲಿಗೆಯಿಂದ ಕೆಳಗಿಳಿಯುವುದಿಲ್ಲ ಎಂಬ ಅನುಮಾನ ನನಗಿತ್ತು. ಅದು ಅರ್ಧ ಮಾತ್ರ ನಿಜವಾಯಿತು.

ಪ್ರತಿ ತರಗತಿಯೂ 10 ನಿಮಿಷಗಳ ಮೌನದಿಂದ ಆರಂಭವಾಗುತ್ತದೆ. ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಟ್ಟರೆ ಹೃದಯಬಡಿತ ತಗ್ಗುತ್ತದೆ ಎಂಬುದನ್ನು ಶಿಕ್ಷಕಿ ಯಾವ ಪವಾಡದ ಮಾತೂ ಇಲ್ಲದೆ ವಿವರಿಸಿದ್ದು ನನಗೆ ಹಿಡಿಸಿತು. ಆದರೆ ಕೋರ್ಸಿನ ತಿರುಳಿರುವುದು ಆಮೇಲಿನ ಚರ್ಚೆಯಲ್ಲಿ. ಸಾಯುತ್ತಿರುವ ಹೆಂಡತಿಗಾಗಿ, ಹಣ ಸಾಲದ ಗಂಡನೊಬ್ಬ ಔಷಧಿ ಕದಿಯಬಹುದೇ ಎಂಬ, ಮನಶ್ಶಾಸ್ತ್ರಜ್ಞ ಲಾರೆನ್ಸ್ ಕೋಲ್‌ಬರ್ಗ್ ಬಳಸಿದ ಪ್ರಸಿದ್ಧ ಸಂದಿಗ್ಧವನ್ನು ಮುಂದಿಟ್ಟ ಅವರು, ಕೋಲ್‌ಬರ್ಗ್ ಮಾಡಿದಂತೆಯೇ, ಉತ್ತರಕ್ಕಿಂತ ಅದರ ಹಿಂದಿನ ಕಾರಣವನ್ನು ಕೆದಕಿದರು. "ಕದ್ದರೆ ಸಿಕ್ಕಿಬೀಳುತ್ತಾನೆ" ಎಂದಷ್ಟೇ ಹೇಳಿದ್ದ ಮಗಳು ಅರ್ಧ ಗಂಟೆಯ ಬಳಿಕ, "ಬೆಲೆ ಏರಿಸಿದವನದೂ ತಪ್ಪಲ್ಲವೇ?" ಎಂದು ಕೇಳಿದಳು.

ಎಡವಟ್ಟಾದದ್ದು ಸತ್ಕಾರ್ಯಗಳ ದಿನಚರಿಯಲ್ಲಿ. ಬರೆದ ಪ್ರತಿ ಉಪಕಾರಕ್ಕೂ ಅಂಕ ಕೊಡುತ್ತಿದ್ದರಿಂದ, ಎರಡನೆಯ ವಾರದಲ್ಲೇ ಮಗಳು ಮಾಡದ ಸಹಾಯವನ್ನೂ ಬರೆದುಕೊಂಡಿದ್ದಳು. ಪ್ರಾಮಾಣಿಕತೆಯ ಪಾಠವೇ ಸುಳ್ಳಿಗೆ ದಾರಿ ತೋರಿಸಿತಲ್ಲ ಎಂದು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದೂರಿದಾಗ ಬಂದದ್ದು ಸಿದ್ಧ ಉತ್ತರ. ಓದುವ ಸಾಮಗ್ರಿಯೂ ತೀರಾ ಸಾಧಾರಣ.

ಆದರೂ, ಮೊನ್ನೆ ಗಣಿತದಲ್ಲಿ ಕಡಿಮೆ ಅಂಕ ಬಂದಾಗ ಬಾಗಿಲು ದಡಾರನೆ ಹಾಕಿಕೊಳ್ಳದೆ, ಸ್ವಲ್ಪ ಹೊತ್ತು ಕಣ್ಣುಮುಚ್ಚಿ ಕುಳಿತು, ತಪ್ಪಿದ ಲೆಕ್ಕಗಳನ್ನು ಮತ್ತೆ ಬಿಡಿಸಲು ಆರಂಭಿಸಿದಳು. ದಿನಚರಿಯನ್ನು ಕೈಬಿಟ್ಟು ಚರ್ಚೆಗಷ್ಟೇ ಕೂರಿಸುವುದಾದರೆ ಸೇರಿಸಬಹುದು.